ಕನ್ನಡಿಯ ಮೇಲಿನ ಬೇವಿನ ಗಿಡ

ಗೊಟ್ಟಿಗೆರೆಯ ಬೋರಣ್ಣನ ದನದ ಕೊಟ್ಟಿಗೆಯಲ್ಲಿ ಈಗ ಕನ್ನಡಿಗಳು ತಯಾರಾಗುತ್ತಿದ್ದವು. ದನಗಳು ಹೋಗಿ, ಗೋಡೆಗೆ ಸಿಮೆಂಟು ಬಿದ್ದು, ಮೇಲೆ ಶೀಟು ಹೊದಿಸಿ ಎಷ್ಟೋ ಕಾಲವಾಗಿದ್ದರೂ ಊರಿನ ಹಳಬರ ಬಾಯಲ್ಲಿ ಅದು ಇನ್ನೂ ಕೊಟ್ಟಿಗೆಯೇ. ಅದನ್ನು ಬಾಡಿಗೆಗೆ ಹಿಡಿದವರು ರಾಮಪ್ರಸಾದ ಮತ್ತು ಲತಾಮಣಿ, ಗಂಡ ಹೆಂಡತಿ. ರಾಮಪ್ರಸಾದನದು ಮರದ ಕೆಲಸ. ಜಯನಗರದ ಕಡೆ ಹಳೆಯ ಮನೆಗಳನ್ನು ಒಡೆದಾಗ ಸಿಗುವ ತೇಗದ ಬಾಗಿಲು, ಹೊನ್ನೆಯ ತೊಲೆ, ಬೀಟೆಯ ಕಿಟಕಿಗಳನ್ನು ತಂದು, ಕೊಯ್ದು, ಹತ್ತರಿ ಹೊಡೆದು, ಕನ್ನಡಿಗೆ ಚೌಕಟ್ಟು ಮಾಡುತ್ತಿದ್ದ. ಚೌಕಟ್ಟಿನ ಮೇಲ್ಪಟ್ಟಿಯಲ್ಲಿ ತೋಡು ತೆಗೆದು, ಕೈಯಿಂದ ಚಿತ್ರ ಬರೆದು ಸುಟ್ಟ ಟೈಲ್ಸ್ ಕೂರಿಸುವುದು ಅವರ ಕನ್ನಡಿಗಳ ವಿಶೇಷ. ಮಾತಿನ ಕೆಲಸವೆಲ್ಲ ಲತಾಮಣಿಯದು. ಗಿರಾಕಿ ಹುಡುಕುವುದು, ಆರ್ಡರ್ ಹಿಡಿಯುವುದು, ತಡವಾದರೆ ಸಮಾಧಾನ ಹೇಳುವುದು, ಎಲ್ಲವನ್ನೂ ಆಕೆ ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡೇ ಮುಗಿಸುತ್ತಿದ್ದಳು.

ಶ್ವೇತಾ ಬೋರಣ್ಣನ ತಮ್ಮನ ಮಗಳು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಯಾರೂ ಬಿಡಿಸಲಿಲ್ಲ, ತಾನೇ ಬಿಟ್ಟಳು. ಎದ್ದು ನಿಂತು ಪಾಠ ಓದು ಎಂದರೆ ಅವಳಿಗೆ ಗಂಟಲು ಕಟ್ಟುತ್ತಿತ್ತು. ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರೆ ಆ ದಿನವಿಡೀ ಕಿವಿ ಬಿಸಿಯಾಗಿರುತ್ತಿತ್ತು. ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಮನೆಯವರು ಬೈದು, ಮುದ್ದು ಮಾಡಿ, ಮತ್ತೆ ಬೈದು ಸುಮ್ಮನಾದರು. ಆಮೇಲೆ ಬೋರಣ್ಣನೇ ಒಂದು ದಿನ ಕರೆದುಕೊಂಡು ಬಂದು, "ಲತಮ್ಮ, ಈ ಹುಡ್ಗಿ ಮಾತಾಡಲ್ಲ, ಆದ್ರೆ ಕೈ ಸುಮ್ನೆ ಇರಲ್ಲ. ಏನಾದ್ರೂ ಕೊಡಿ" ಎಂದು ಕೊಟ್ಟಿಗೆಗೆ ಸೇರಿಸಿದ್ದ.

ಉಪ್ಪುಕಾಗದ ಹಿಡಿದು ಚೌಕಟ್ಟು ಉಜ್ಜುವುದು, ಮೇಣ ಹಚ್ಚುವುದು ಅವಳ ಕೆಲಸವಾಯಿತು. ಕಣ್ಣು ಮಾತ್ರ ಯಾವಾಗಲೂ ಕಿಟಕಿಯ ಪಕ್ಕದ ಮೇಜಿನ ಮೇಲೆ. ಅಲ್ಲಿ ಅರ್ಪಿತ ಎಂಬ ಹುಡುಗಿ ಟೈಲ್ಸಿಗೆ ಬಣ್ಣ ಬರೆಯುತ್ತಿದ್ದಳು. ಯಾವ ಬಣ್ಣ ಸುಟ್ಟ ಮೇಲೆ ಏನಾಗುತ್ತದೆ, ಕುಂಚವನ್ನು ಎಷ್ಟು ಒದ್ದೆ ಮಾಡಬೇಕು, ಯಾವ ಗೆರೆಯನ್ನು ಮೊದಲು ಎಳೆಯಬೇಕು ಎನ್ನುವುದನ್ನೆಲ್ಲ ಶ್ವೇತಾ ಕೇಳದೆ, ಬರೀ ನೋಡಿ ನೋಡಿ ಕಲಿತಳು. ಎಲ್ಲರೂ ಊಟಕ್ಕೆ ಹೋದಾಗ ಒಡೆದ ಟೈಲ್ಸಿನ ಮೇಲೆ ಬರೆದು, ಒರೆಸಿ, ಮತ್ತೆ ಬರೆಯುತ್ತಿದ್ದಳು. ಅರ್ಪಿತ ಮದುವೆಯಾಗಿ ಹುಬ್ಬಳ್ಳಿಗೆ ಹೋದಾಗ ಹೊರಡುವ ಮುಂಚೆ ಲತಾಮಣಿಗೆ ಹೇಳಿದ್ದು ಒಂದೇ ಮಾತು: "ಹೊಸಬ್ರನ್ನ ಹುಡುಕ್ಬೇಡಿ, ಇವಳ್ ಕೈಗೆ ಕೊಡಿ."

ಲತಾಮಣಿಗೆ ಅಷ್ಟು ನಂಬಿಕೆಯಿರಲಿಲ್ಲ. ಮಡಿವಾಳದ ಒಬ್ಬ ವ್ಯಾಪಾರಿ ಮೆಷಿನ್ನಿನಲ್ಲಿ ಚಿತ್ರ ಅಚ್ಚಾಗಿ ಬರುವ ಟೈಲ್ಸ್ ತೋರಿಸಿ ಹೋಗಿದ್ದ. ನವಿಲು, ಕಮಲ, ಗಣಪತಿ, ಎಲ್ಲ ಒಂದೇ ಸಮ.

"ನೋಡು ಶ್ವೇತಾ," ಎಂದಳು. "ಮುಂದೆ ಬರೋ ಆರ್ಡರ್ ನಿಂಗೆ ಕೊಡ್ತೀನಿ. ಗಿರಾಕಿ ಒಪ್ಪಿದ್ರೆ ಆ ಟೇಬಲ್ ನಿಂದು. ಇಲ್ಲಾಂದ್ರೆ ಪ್ರಿಂಟ್ ಟೈಲ್ಸ್ ತರಿಸ್ತೀನಿ, ನೀನು ಮೊದಲಿನ ಹಾಗೆ ಉಜ್ಜು. ಬೇಜಾರ್ ಮಾಡ್ಕೋಬಾರ್ದು, ಏನು?"

ಶ್ವೇತಾ ತಲೆ ಆಡಿಸಿದಳು. ಆ ಮೇಜಿನ ಮುಂದೆ ಕೂತವರನ್ನು ಯಾರೂ ಏನೂ ಕೇಳುವುದಿಲ್ಲ, ಅವರು ಯಾರಿಗೂ ಏನೂ ಹೇಳಬೇಕಾಗಿಲ್ಲ, ಆದರೂ ಅವರು ಮಾಡಿದ್ದು ಯಾರದೋ ಮನೆಯ ಗೋಡೆಯ ಮೇಲೆ ಎಷ್ಟೋ ವರ್ಷ ಇರುತ್ತದೆ. ಬದುಕಿನಲ್ಲಿ ಅವಳು ತನಗೆ ಬೇಕು ಎಂದು ಆಸೆಪಟ್ಟ ಜಾಗ ಅದೊಂದೇ.

ಆರ್ಡರು ಆ ವಾರವೇ ಬಂತು. ಲತಾಮಣಿ ಕನ್ನಡಿಯೊಂದಕ್ಕೆ ರಟ್ಟು ಸುತ್ತುತ್ತಿದ್ದವಳು ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟಳು.

"ಕನ್ನಡಿಯವ್ರೇನ್ರಿ? ನಾ ದುಂಡವ್ವ ಮಾತಾಡಾಕತ್ತೇನ್ರಿ. ಬಿಟಿಎಮ್‌ನಾಗ ರೊಟ್ಟಿ ಖಾನಾವಳಿ ಐತಿ ನಂದು."

"ಹೇಳಿ ಮೇಡಂ."

"ಮೇಡಮ್ಮ ಗೀಡಮ್ಮ ಬ್ಯಾಡ್ರಿ, ದುಂಡವ್ವ ಅನ್ರಿ. ನನ್ನ ಮಗಳು ಪ್ರಿಯಾಂಕಾಂದು ಲಗ್ನ ಐತ್ರಿ. ಜಯನಗರದಾಗ ಯಾರದೋ ಮನ್ಯಾಗ ನಿಮ್ಮ ಕನ್ನಡಿ ನೋಡಿ ಬಂದಾಳ. ನನಗ ಬಂಗಾರ ಕಮ್ಮಿ ಆದ್ರೂ ಚಿಂತಿಲ್ಲ, ಅಂಥಾ ಕನ್ನಡಿ ಬೇಕು ಅಂತ ಹಟಾ ಹಿಡದು ಕುಂತಾಳ. ಕಟ್ಟಿಗಿ ಹೊನ್ನೀದು ಇರ್ಲಿ ಅಂದಾಳ. ಚಿತ್ರ ಮಾತ್ರ ನಾ ಹೇಳಾಕಿ."

"ಹೇಳಿ, ಹೇಳಿ."

"ಈ ಕಡೆ ಹೊಳಿ. ಆ ಕಡೆ ಜ್ವಾಳದ ತೆನಿ. ನಟ್ಟನಡುವ ಬೇವಿನ ಗಿಡ, ನಮ್ಮ ಮನಿ ಮುಂದಿಂದು. ಅದರ ನೆಳ್ಳ ಬಿದ್ದಿರ್ಬೇಕ್ ನೋಡ್ರಿ. ಅಷ್ಟ."

"ಹೊಳೆ, ಜೋಳ, ಮಧ್ಯ ಬೇವಿನ ಗಿಡ, ನೆರಳು. ಆಯ್ತು, ಮಾಡ್ಸಣ ಬಿಡಿ."

ಫೋನು ಇಟ್ಟಾಯಿತು. ಚೌಕಟ್ಟು ಉಜ್ಜುತ್ತಿದ್ದ ಶ್ವೇತಾಳ ಕೈ ಅಷ್ಟರಲ್ಲೇ ನಿಂತಿತ್ತು. ಹೊಳೆ ಸರಿ, ಜೋಳ ಸರಿ. ಗಿಡಕ್ಕೆ ನೆರಳು ಎಂದರೇನು? ಮೊಳಕಾಲೆತ್ತರದ ಗಿಡದ ನೆರಳನ್ನು ಯಾರಾದರೂ ಅಷ್ಟು ಒತ್ತಿ ಹೇಳುತ್ತಾರೆಯೇ? ಕೇಳಬೇಕು ಎನಿಸಿತು. ಆದರೆ ಲತಾಮಣಿ ಅಕ್ಕನನ್ನು ಕೇಳಿದರೆ ಅಕ್ಕ ಏನು ಮಾಡುತ್ತಾಳೆ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತು. 'ನೀನೇ ಕೇಳ್ಕೋ' ಎಂದು ನಂಬರು ಒತ್ತಿ ಫೋನನ್ನು ಕೈಗೆ ತುರುಕುತ್ತಾಳೆ. ಆ ಕಡೆಯಿಂದ ಗುರುತಿಲ್ಲದ ಹೆಂಗಸು 'ಯಾರ್ರಿ?' ಎನ್ನುತ್ತಾಳೆ. ಅಲ್ಲಿಗೆ ಶ್ವೇತಾಳ ಯೋಚನೆ ನಿಂತುಹೋಯಿತು.

ಎರಡು ದಿನ ತನ್ನಷ್ಟಕ್ಕೇ ಯೋಚಿಸಿದಳು. ಮೂಡಲ ಬಿಸಿಲಿಗೆ ಯಾವ ಸಣ್ಣ ಗಿಡಕ್ಕೂ ಉದ್ದನೆಯ ನೆರಳು ಬೀಳುತ್ತದಲ್ಲ? ಮದುವೆಗೆ ಕೊಡುವ ಕನ್ನಡಿ. ಮನೆಯ ಮುಂದೆ ಹೊಸದಾಗಿ ನೆಟ್ಟ ಬೇವಿನ ಗಿಡ. ಹಾಗಾದರೆ ಆ ತಾಯಿ ಹೇಳಿದ್ದು ಅದೇ ಇರಬೇಕು. ಈಗ ಚಿಕ್ಕದು, ನೆರಳು ಮಾತ್ರ ಆಗಲೇ ದೊಡ್ಡದು. ಹೀಗೆ ತೋರಿದ್ದೇ ಅವಳು ಕುಂಚ ಕೈಗೆತ್ತಿಕೊಂಡಳು. ಕೇಳಬೇಕಾಗಿದ್ದ ಪ್ರಶ್ನೆಗೆ ಕುಂಚವೇ ಉತ್ತರ ಹೇಳಿಬಿಟ್ಟಿತ್ತು.

ಮಣ್ಣಿನ ಗೋಡೆ. ಗೋಡೆಯ ಮುಂದೆ ಮುಳ್ಳಿನ ಬೇಲಿ ಸುತ್ತಿದ ಎಳೆಯ ಬೇವು, ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು. ಅದರ ನೆರಳು ಗೋಡೆಯ ಮೇಲೆ ಏರಿ, ಬಾಗಿ, ಗಿಡಕ್ಕಿಂತ ಎರಡು ಪಟ್ಟು ದೊಡ್ಡದಾಗಿ ಬಿದ್ದಿದೆ. ಸುಡುವ ಮೊದಲು ಬಣ್ಣವೆಲ್ಲ ಬೂದಿ ಬಳಿದಂತೆ ಮಂಕಾಗಿತ್ತು. ಕರೆಂಟಿನ ಭಟ್ಟಿ ಆರಿದ ಮೇಲೆ ಬಾಗಿಲು ತೆರೆದಾಗ ಹಸಿರು ಹಸಿರಾಗಿ, ತಾಮ್ರ ತಾಮ್ರವಾಗಿ, ಮೇಲಿನ ಗಾಜಿನ ಹೊಳಪಿನಲ್ಲಿ ಗಿಡ ಈಗಷ್ಟೇ ನೀರು ಕುಡಿದ ಹಾಗಿತ್ತು.

ರಾಮಪ್ರಸಾದ ಅದನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದ. "ನೆರಳು ಬರ್ದಿದೀಯ ನೋಡು, ಅದು ಸಖತ್ತಾಗಿದೆ," ಎಂದ. ಲತಾಮಣಿ ಕೂಡ, "ಹೊಸ ಸಂಸಾರ, ಹೊಸ ಗಿಡ! ಒಳ್ಳೇ ಐಡಿಯಾ ಕಣೇ" ಎಂದು ಬೆನ್ನು ತಟ್ಟಿದಳು. ಹೊನ್ನೆಯ ಚೌಕಟ್ಟಿನ ತೋಡಿನಲ್ಲಿ ಮೂರು ಟೈಲ್ಸೂ ಕೂತವು. ಶ್ವೇತಾ ಆ ಸಂಜೆ ಕಿಟಕಿಯ ಪಕ್ಕದ ಮೇಜನ್ನು ಒರೆಸಿ, ಅರ್ಪಿತ ಬಿಟ್ಟುಹೋಗಿದ್ದ ಕುಂಚಗಳನ್ನು ತೊಳೆದು, ತನಗೆ ಬೇಕಾದ ಹಾಗೆ ಜೋಡಿಸಿಟ್ಟಳು.

ಕನ್ನಡಿ ಒಯ್ಯಲು ದುಂಡವ್ವ ತಾನೇ ಬಂದಳು. ಎತ್ತರದ ಆಳು, ದೊಡ್ಡ ಕುಂಕುಮ, ಸೆರಗು ತಲೆಯ ಮೇಲೆ. ಆಟೋದವನಿಗೆ "ಹೋಗಬ್ಯಾಡೋ ಯಪ್ಪಾ, ಕನ್ನಡಿ ತಗೊಂಡ ಬರ್ತೇನಿ" ಎಂದು ಕೂಗಿ ಹೇಳಿ ಒಳಗೆ ಬಂದಳು. ಅದೇ ಹೊತ್ತಿಗೆ ಬೋರಣ್ಣನೂ ಬಂದು ಸ್ಟೂಲಿನ ಮೇಲೆ ಕೂತಿದ್ದ. ಶ್ವೇತಾ ಹಲಗೆಗಳ ರಾಶಿಯ ಹಿಂದೆ ನಿಂತಳು. ಅಲ್ಲಿಂದ ಅವಳಿಗೆ ಎಲ್ಲ ಕಾಣುತ್ತಿತ್ತು, ಅವಳು ಯಾರಿಗೂ ಕಾಣುತ್ತಿರಲಿಲ್ಲ.

ದುಂಡವ್ವ ಮೊದಲು ಮರ ಮುಟ್ಟಿ ನೋಡಿದಳು. "ಕಟ್ಟಿಗಿ ಭಾಳ ಚಲೋ ಐತಿ." ಎಡಗಡೆಯ ಟೈಲ್ಸ್ ನೋಡಿ, "ಹೊಳಿ ಬರೊಬ್ಬರಿ ಐತಿ" ಎಂದಳು. ಬಲಗಡೆಯದನ್ನು ನೋಡಿ, "ತೆನಿ ನೋಡ, ಕಾಳ ಎಣಿಸಬೇಕ ಹಂಗದಾವ" ಎಂದು ನಕ್ಕಳು. ಆಮೇಲೆ ನಡುವಿನದನ್ನು ನೋಡಿದಳು. ನಗು ಹಾಗೇ ಉಳಿದು, ನಿಧಾನಕ್ಕೆ ಇಳಿಯಿತು.

"ಗಿಡ ಎಲ್ಲೈತ್ರಿ ಅಕ್ಕಾರ?"

"ಅದೇ ಅಲ್ವಾ, ಮಧ್ಯದಲ್ಲಿ," ಎಂದಳು ಲತಾಮಣಿ.

"ಇದು ಸಸಿ."

"ಹೂಂ, ಅದೇ, ಗಿಡ."

"ಸಸೀರಿ ಇದು. ನಿನ್ನೆ ನಟ್ಟಿದ್ದು. ನಾ ಗಿಡ ಹೇಳಿದ್ದೆ."

ಬೋರಣ್ಣನಿಗೆ ತಡೆಯಲಾಗಲಿಲ್ಲ. "ಅಲ್ಲಮ್ಮ, ಗಿಡ ಕೇಳಿದ್ರಿ, ಗಿಡ ಬರ್ದವ್ರೆ. ಇನ್ನೇನು ಗೊಬ್ಬರಾನೂ ಹಾಕಿ ಕೊಡ್ಬೇಕಿತ್ತಾ?"

"ಅಜ್ಜಾರ, ನಿಮ್ಮೂರಾಗ ಗಿಡಕ್ಕ ದನಾ ಕಟ್ಟೂದಿಲ್ಲೇನು? ಪಂಚಮಿಗೆ ಜೋಕಾಲಿ ಕಟ್ಟೂದಿಲ್ಲೇನು?"

"ಗಿಡಕ್ಕೆ ಜೋಕಾಲಿ! ಬೆಕ್ಕು ಕೂತ್ರೂ ಮುರ್ದೋಗುತ್ತೆ."

ರಾಮಪ್ರಸಾದನಿಗೆ ಏನೋ ಹೊಳೆಯಿತು. "ತಡೀರಿ, ತಡೀರಿ. ಅಮ್ಮ, ನೀವು ಹೇಳ್ತಿರೋದು ಮರಾನಾ?"

"ಮರ?" ದುಂಡವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಮರದಾಗ ಜ್ವಾಳ ಹಸನ ಮಾಡ್ತೇವ್ರಿ ನಾವು, ಕೇರತೇವಿ. ಬಿದರಿನ ಮರ. ಅದನ್ಯಾಕ ನಾ ಮಗಳ ಕನ್ನಡಿ ಮ್ಯಾಲ ತಗಸ್ಲಿ?"

"ಅಯ್ಯೋ, ಅದು ಮೊರ ಕಣಮ್ಮ!" ಎಂದು ಬೋರಣ್ಣ ತೊಡೆ ತಟ್ಟಿಕೊಂಡು ನಕ್ಕ. ಲತಾಮಣಿಯೂ ನಕ್ಕಳು. "ಅಂದ್ರೆ ನಿಮ್ಮ ಕಡೆ ಮರಕ್ಕೆ ಗಿಡ ಅಂತಾರೆ, ಮೊರಕ್ಕೆ ಮರ ಅಂತಾರೆ! ಮತ್ತೆ ಗಿಡಕ್ಕೆ?"

"ಸಸಿ ಅಂತೇವ್ರಿ. ಆಗಿಂದ ಅದನ್ನ ಹೇಳಾಕತ್ತೇನಿ." ದುಂಡವ್ವನಿಗೂ ನಗು ಬಂದಿತ್ತು. ಆದರೆ ಮತ್ತೆ ಟೈಲ್ಸಿನ ಕಡೆ ಕಣ್ಣು ಹೋದದ್ದೇ ಅದು ಅರ್ಧಕ್ಕೆ ನಿಂತಿತು. "ಈ ಊರಿಗೆ ಬಂದು ಮಗಳ ವಯಸ್ಸಿನಷ್ಟ ವರ್ಷಾತು. ನಾ ಮಾತಾಡೂದು ಎಲ್ಲಾರಿಗೂ ತಿಳೀತೈತಿ ಅಂತಿದ್ದೆ."

ಲತಾಮಣಿ ಸಾವರಿಸಿಕೊಂಡು, "ಚೆನ್ನಾಗೇ ಇದೆಯಲ್ಲ ದುಂಡವ್ವ? ಹೊಸ ಸಂಸಾರ, ಹೊಸ ಗಿಡ. ಶುಭ ಅಲ್ವಾ?" ಎಂದಳು.

"ಚಂದ ಐತ್ರಿ. ಚಂದ ಇಲ್ಲಂತ ಅನ್ನಂಗಿಲ್ಲ ನಾ. ನಮ್ಮದಲ್ಲ, ಅಷ್ಟ." ಸೆರಗು ಸರಿಮಾಡಿಕೊಂಡು, "ಯಾರ್ ತಗದಾರ ಚಿತ್ರ?" ಎಂದು ಕೇಳಿದಳು.

ಲತಾಮಣಿ ಹಲಗೆಗಳ ಕಡೆ ಕೈ ತೋರಿಸಿದಳು. ಶ್ವೇತಾ ತಲೆ ತಗ್ಗಿಸಿದಳು. ಬಯ್ಗುಳ ಬರುತ್ತದೆ ಎಂದು ಕಾದಳು. "ಕೈ ಚಲೋ ಐತಿ ತಂಗಿ" ಎಂದಷ್ಟೇ ಹೇಳಿ ದುಂಡವ್ವ ಬರಿಗೈಯಲ್ಲಿ ಆಟೋ ಹತ್ತಿದಳು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಅವಳು ಹೋದ ಮೇಲೆ ಲತಾಮಣಿ ಶ್ವೇತಾಳ ಹತ್ತಿರ ಬಂದು, "ನಿಂದೇನೂ ತಪ್ಪಿಲ್ಲ. ಆದ್ರೆ ಈ ತಲೆನೋವು ನಂಗೆ ಬೇಡ" ಎಂದಳು. "ಪ್ರಿಂಟ್ ಟೈಲ್ಸ್ ಆದ್ರೆ ಫೋಟೋ ಕಳಿಸ್ತೀನಿ, ಇದು ಬೇಕು ಅಂತಾರೆ, ಮುಗೀತು. ಗಿಡಾನೋ ಮರಾನೋ ಮೊರಾನೋ, ಯಾರಿಗ್ ಬೇಕು? ನಾಳೆ ಸ್ಯಾಂಪಲ್ ತರ್ಸ್ತೀನಿ."

ಶ್ವೇತಾ ತಲೆ ಆಡಿಸಿದಳು. ಉಪ್ಪುಕಾಗದ ತೆಗೆದುಕೊಂಡು ಒಂದು ತೇಗದ ಪಟ್ಟಿಯ ಮುಂದೆ ಕೂತಳು. ಉಜ್ಜುತ್ತ ಉಜ್ಜುತ್ತ ಅವಳ ತಲೆಯಲ್ಲಿ ಒಂದೇ ಮಾತು ತಿರುಗುತ್ತಿತ್ತು: ನಮ್ಮದಲ್ಲ. ಹೌದು, ಅದು ಅವರದಲ್ಲ. ಅದು ಶ್ವೇತಾಳದು. ಗಿಡ, ಗೋಡೆ, ನೆರಳು, ಎಲ್ಲ ಇವಳು ಹುಟ್ಟಿಸಿದ್ದು. ಇನ್ನೊಬ್ಬರ ಮನೆಯ ಮುಂದಿನದನ್ನು ಇವಳು ತನ್ನ ಹಿತ್ತಲಿನಿಂದ ತೆಗೆದುಕೊಟ್ಟಿದ್ದಳು. ಮಾತಿನ ಗೊಂದಲಕ್ಕೆ ಎಲ್ಲರೂ ನಕ್ಕರು. ಆ ನೆರಳಿನ ಮಾತು ಕಿವಿಗೆ ಬಿದ್ದಾಗ ಅನುಮಾನ ಬಂದಿದ್ದು ಮಾತ್ರ ಅವಳೊಬ್ಬಳಿಗೆ.

ಮಾರನೆಯ ದಿನ ಅವಳು ಕೊಟ್ಟಿಗೆಗೆ ಹೋಗಲಿಲ್ಲ. ಪೆನ್ಸಿಲ್ಲು, ಒಂದಷ್ಟು ಹಾಳೆ ಚೀಲಕ್ಕೆ ಹಾಕಿಕೊಂಡು ಬನ್ನೇರುಘಟ್ಟ ರಸ್ತೆಯ ಬಸ್ಸು ಹಿಡಿದಳು, ಜಯದೇವ ಆಸ್ಪತ್ರೆಯ ಹತ್ತಿರ ಇಳಿದು ಇನ್ನೊಂದು ಬಸ್ಸು. ಬಸ್ಸಿನಲ್ಲಿ ಮನಸ್ಸಿನಲ್ಲೇ ಹೇಳಿಕೊಂಡು ಹೋದಳು. 'ನಮಸ್ಕಾರ, ನಾನು ಶ್ವೇತಾ.' ಬೇಡ. 'ಆಂಟಿ, ನಾನು ಕನ್ನಡಿ...' ಬೇಡ. ಇಳಿಯುವಷ್ಟರಲ್ಲಿ ಒಂದು ಮಾತೂ ಉಳಿದಿರಲಿಲ್ಲ.

ಖಾನಾವಳಿ ಹುಡುಕುವುದು ಕಷ್ಟವಾಗಲಿಲ್ಲ. ರೊಟ್ಟಿ ಬಡಿಯುವ ಸದ್ದು ಬೀದಿಯ ತಿರುವಿಗೇ ಕೇಳುತ್ತಿತ್ತು. ಮಧ್ಯಾಹ್ನದ ಗದ್ದಲ ಇಳಿದಿತ್ತು. ಆಫೀಸಿನ ಹುಡುಗರಿಬ್ಬರು ಕೈ ತೊಳೆದುಕೊಂಡು ಹೊರಟರು. ಒಳಗೆ ಒಲೆಯ ಮುಂದೆ ದುಂಡವ್ವ ನೆಲದ ಮೇಲೆ ಕೂತು ಬಡಿಯುತ್ತಿದ್ದಳು. ಶ್ವೇತಾ ಬಾಗಿಲಲ್ಲಿ ನಿಂತಳು. ನಿಂತೇ ಇದ್ದಳು.

"ಯಾಕ ನಿಂತಿ? ಬಾ, ಕುಂಡ್ರು," ಎಂದು ತಲೆ ಎತ್ತಿದ ದುಂಡವ್ವ ಕಣ್ಣು ಕಿರಿದು ಮಾಡಿದಳು. "ಕನ್ನಡಿ ಹುಡುಗಿ ಅಲ್ಲೇನ ನೀ? ಅಕ್ಕಾರು ಕಳಿಸ್ಯಾರೇನು?"

ಇಲ್ಲ ಎಂದು ತಲೆ ಅಲ್ಲಾಡಿಸಿದಳು.

"ಮತ್ತ ಉಣ್ಣಾಕ ಬಂದಿ?"

ಹೌದು ಎಂಬಂತೆ ಕೂತಳು. ತಟ್ಟೆ ಬಂತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಒಂದು ಹಸಿ ಉಳ್ಳಾಗಡ್ಡಿ. ತಿನ್ನುತ್ತ ದುಂಡವ್ವನ ಕೈಗಳನ್ನೇ ನೋಡಿದಳು. ಅಂಗೈ ತಿರುಗಿದ ಹಾಗೆ ಹಿಟ್ಟು ತೆಳ್ಳಗಾಗುತ್ತ ಚಂದ್ರನ ಹಾಗೆ ಅಗಲವಾಗುತ್ತಿತ್ತು.

"ಬಾಯಿ ಉಣ್ಣಾಕಷ್ಟ ಇಟ್ಟಾನೇನ ದೇವರು ನಿನಗ?" ಎಂದು ದುಂಡವ್ವ ಛೇಡಿಸಿದಳು. "ಸಿಟ್ಟಿಲ್ಲ ಬಿಡ ನನಗ ನಿನ್ನ ಮ್ಯಾಲ. ಅದಕ್ಕ ಬಂದಿದ್ರ ಅಂಜಬ್ಯಾಡ. ಕನ್ನಡೀನ ಇನ್ಯಾರರ ಒಯ್ತಾರ."

ಶ್ವೇತಾ ತುತ್ತು ನುಂಗಿದಳು. ನೀರು ಕುಡಿದಳು. "ಆಂಟಿ," ಎಂದಳು. ದನಿ ತನ್ನದಲ್ಲವೇನೋ ಎನ್ನುವ ಹಾಗೆ ಬಂತು. "ನಿಮ್ಮ ಗಿಡ ಎಷ್ಟು ದಪ್ಪ ಇತ್ತು?"

ಮರ ಎನ್ನಲಿಲ್ಲ. ಗಿಡ ಎಂದಳು. ಬಡಿಯುತ್ತಿದ್ದ ಕೈ ನಿಂತಿತು.

"ದಪ್ಪ?" ದುಂಡವ್ವ ಎರಡೂ ತೋಳು ಚಾಚಿದಳು, ಸಾಲದು ಎಂಬಂತೆ ಮತ್ತೂ ಚಾಚಿದಳು. "ನಾ, ನಮ್ಮ ಮೈದುನನ ಹೇಣ್ತಿ, ಇಬ್ರೂ ಕೈ ಹಿಡಕೊಂಡ್ರೂ ತೆಕ್ಕಿಗೆ ಸಿಗತಿದ್ದಿಲ್ಲ. ಸುತ್ತ ಕಟ್ಟಿ. ನಾ ಮದುವಿ ಆಗಿ ಬಂದಾಗ ಮಾತಾಡಾಕ ಯಾರೂ ಇದ್ದಿಲ್ಲ ಆ ಮನ್ಯಾಗ. ಕೆಲಸಾ ಮುಗಿಸಿ ಅದರ ಬುಡಕ ಬಂದು ಕುಂದ್ರತಿದ್ದೆ. ತಂಪು ಅಂದ್ರ ಅಂಥಾ ತಂಪು."

"ಈಗ್ಲೂ ಇದೆಯಾ?"

"ಎಲ್ಲಿ ಇರ್ತೈತಿ? ಊರ ಮುಳುಗಿತಲ್ಲ. ಆಣೆಕಟ್ಟಿನ ಹಿನ್ನೀರು ಬಂತು. ಮಂದಿ ಎಲ್ಲಾ ಗಿಡಾ ಕಡದು ಮಾರಿದ್ರು. ನಮ್ಮ ಮಾವ ಕಡ್ಯಾಕ ಕೊಡಲಿಲ್ಲ. ಪ್ರಿಯಾಂಕಾ ಆಗ ಹುಟ್ಟಿದ್ದಿಲ್ಲ. ಆಕಿ ನೋಡೇ ಇಲ್ಲ ಅದನ್ನ."

ಶ್ವೇತಾ ಹಾಳೆ ತೆಗೆದು ಬರೆಯತೊಡಗಿದಳು. ಬುಡ ಬಂತು, ಕಟ್ಟೆ ಬಂತು. "ಮೇಲೆ ಕೊಂಬೆ ಹೇಗಿತ್ತು ಆಂಟಿ? ಎಡಕ್ಕೆ ಜಾಸ್ತಿ ಇತ್ತಾ, ಬಲಕ್ಕಾ?"

ಶ್ವೇತಾ ತಲೆ ಎತ್ತಿ ನೋಡಿದಳು. ಗಿಡದ ಮಾತು ಶುರುವಾದಾಗಿನಿಂದ ದುಂಡವ್ವ ಒಂದು ಸಲವೂ ಮೇಲೆ ಕೈ ತೋರಿಸಿರಲಿಲ್ಲ. ಕೈ ಮತ್ತೆ ಮತ್ತೆ ಹಿಂದಕ್ಕೆ ಹೋಗುತ್ತಿತ್ತು, ಬೆನ್ನ ಹಿಂದೆ ಏನೋ ಇದೆ ಎಂಬಂತೆ.

"ಮ್ಯಾಲಿಂದು ನಾ ಯಾವಾಗ ನೋಡೇನಿ?" ಎಂದಳು ದುಂಡವ್ವ. "ಒಮ್ಮೆ ನೋಡೇನಿ. ನೀರು ಬಂದ ಮ್ಯಾಲ. ಉಳಿದ ಸಾಮಾನ ತರಾಕ ದೋಣಿಯೊಳಗ ಹೋಗಿದ್ವಿ. ಮನಿ ಕಾಣವಲ್ದು. ಗಿಡದ ತುದಿ ಮಾತ್ರ ನೀರಿನ ಮ್ಯಾಲ. ಇನ್ನೂ ಹಸರ ಇತ್ತು. ದೋಣಿ ಬಾಜೂಕ ಹೋತು, ನನ್ನ ಕೈಗೆ ಎಲಿ ಹತ್ತಿದ್ವು." ಹಿಟ್ಟಿನ ಕೈಯನ್ನು ತಿರುಗಿಸಿ ನೋಡಿಕೊಂಡಳು. "ಅಷ್ಟೆತ್ತರದ ಎಲಿ. ಕೈಗೆ ಹತ್ತಬಾರದಾಗಿತ್ತು ಅವು."

ಒಲೆಯ ಮೇಲಿನ ರೊಟ್ಟಿ ಕರಿಯಾಗುತ್ತಿತ್ತು. ಅದನ್ನು ತೆಗೆದು ಪಕ್ಕಕ್ಕೆ ಇಟ್ಟಳು.

ಶ್ವೇತಾ ಬರೆದ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿ ಇನ್ನೊಂದು ತೆಗೆದಳು. "ಹಾಗಾದ್ರೆ ಮೇಲಿಂದು ಬರೆಯೋದು ಬೇಡ," ಎಂದಳು. ಈ ಸಲ ಹಾಳೆಯ ಅಂಚಿನಿಂದ ಅಂಚಿಗೆ ಬರೀ ಬುಡ. ಎಲೆಯಿಲ್ಲ, ಕೊಂಬೆಯಿಲ್ಲ, ಆಕಾಶವಿಲ್ಲ. ಒರಟು ತೊಗಟೆ, ಅದರ ಬಿರುಕುಗಳು, ಕೆಳಗೆ ಕಟ್ಟೆಯ ಒಂದು ಸಾಲು ಕಲ್ಲು, ಕಲ್ಲಿನ ಮೇಲೆ ಎಲೆಗಳ ಸಂದಿನಿಂದ ಬಿದ್ದ ಬಿಸಿಲಿನ ಚುಕ್ಕೆಗಳು. ಕೂತವರ ಬೆನ್ನಿಗೆ ಗಿಡ ಹೇಗಿರುತ್ತದೋ ಹಾಗೆ.

ದುಂಡವ್ವ ಒಲೆ ಬಿಟ್ಟು ಎದ್ದು ಬಂದು ಬಗ್ಗಿ ನೋಡಿದಳು. ಹಿಟ್ಟು ಮೆತ್ತಿದ ಬೆರಳನ್ನು ಹಾಳೆಯ ಮೇಲೆ ಒತ್ತಿದಳು. "ಇಲ್ಲೊಂದು ಗಂಟ ಇತ್ತು. ಬೆನ್ನಿಗೆ ಒತ್ತತಿತ್ತು. ಸರದು ಕುಂದ್ರತಿದ್ದೆ."

"ಎಷ್ಟು ದೊಡ್ಡದು?"

"ಮುಷ್ಟಿಯಷ್ಟು. ಇನ್ನೊಂಚೂರ ಕೆಳಗ ತಗಿ. ಹಾಂ. ಅಲ್ಲೇ."

ಹೊರಡುವಾಗ ಶ್ವೇತಾ ಪರ್ಸು ತೆಗೆದರೆ ದುಂಡವ್ವ ಅವಳ ಕೈಯ ಮೇಲೆ ಮೆಲ್ಲಗೆ ಹೊಡೆದಳು.

ಕೊಟ್ಟಿಗೆಯಲ್ಲಿ ಮಡಿವಾಳದ ಸ್ಯಾಂಪಲ್ ಬಂದು ಕೂತಿತ್ತು. ಶ್ವೇತಾ ನೇರ ರಾಮಪ್ರಸಾದನ ಹತ್ತಿರ ಹೋಗಿ, "ಅಣ್ಣ, ನಡುವಿನ ಟೈಲ್ಸ್ ತೆಗಿಯಕ್ಕಾಗುತ್ತಾ?" ಎಂದಳು. ಅವಳಾಗಿ ಬಂದು ಮಾತಾಡಿದ್ದಕ್ಕೇ ಅವನು ಉಳಿ ಕೆಳಗಿಟ್ಟ.

"ತೆಗೀಬೋದು. ಆದ್ರೆ ಅದು ಉಳಿಯಲ್ಲ, ಒಡ್ದೇ ತೆಗೀಬೇಕು. ಪರವಾಗಿಲ್ವಾ?"

"ಒಡೀರಿ."

ಸಣ್ಣ ಸುತ್ತಿಗೆ, ಸಣ್ಣ ಉಳಿ. ತಾಮ್ರದ ಚಿಗುರು ಒಂದು ಕಡೆ, ಉದ್ದನೆಯ ನೆರಳು ಒಂದು ಕಡೆ ಚೂರಾಗಿ ಬಿದ್ದವು. ಶ್ವೇತಾ ಕಸಬರಿಗೆ ತಂದು ಗುಡಿಸಿದಳು.

ಹೊಸದನ್ನು ಬರೆಯುವಾಗ ಲತಾಮಣಿ ಬಂದು ಹಿಂದೆ ನಿಂತಳು. "ಇದೇನೇ ಇದು? ಗೋಡೆ ಇದ್ದಂಗಿದೆ! ಎಲೆ ಎಲ್ಲಿ, ಹೂವೆಲ್ಲಿ? ಬೇವು ಅಂತ ಗೊತ್ತಾಗೋದು ಹೆಂಗೆ?"

"ಅವ್ರಿಗೆ ಗೊತ್ತಾಗುತ್ತೆ ಅಕ್ಕ."

"ಮತ್ತೆ ಬೇಡ ಅಂದ್ರೆ?"

ಶ್ವೇತಾ ಕುಂಚ ಎತ್ತಿದಳು. "ಕೇಳ್ಕೊಂಡ್ ಬಂದಿದೀನಿ," ಎಂದಳು.

ಈ ಹುಡುಗಿ ಎಲ್ಲಿಗೋ ಹೋಗಿ ಯಾರನ್ನೋ ಏನೋ ಕೇಳಿಕೊಂಡು ಬಂದಿದ್ದಾಳೆ ಎನ್ನುವುದೇ ಲತಾಮಣಿಗೆ ಟೈಲ್ಸಿಗಿಂತ ದೊಡ್ಡ ಸುದ್ದಿಯಾಗಿತ್ತು.

ದುಂಡವ್ವ ಎರಡನೆಯ ಸಲ ಬಂದಾಗ ಆಟೋದವನಿಗೆ ಏನೂ ಕೂಗಿ ಹೇಳಲಿಲ್ಲ. ಒಳಗೆ ಬಂದು, ಗೋಡೆಗೆ ನೇತು ಹಾಕಿದ್ದ ಕನ್ನಡಿಯನ್ನು ದೂರದಿಂದಲೇ ನೋಡಿದಳು. "ಕೆಳಗ ಇಡ್ರಿ" ಎಂದಳು. ರಾಮಪ್ರಸಾದ ಇಳಿಸಿ ಗೋಡೆಗೆ ಒರಗಿಸಿದ. ಅವಳು ಅದರ ಮುಂದೆ ನೆಲದ ಮೇಲೆ ಕಾಲು ಮಡಚಿ ಕೂತಳು. ಕನ್ನಡಿಯಲ್ಲಿ ಅವಳ ಮುಖ, ಮುಖದ ಮೇಲೆ ಆ ಬುಡ. ಕೈ ಚಾಚಿ ಟೈಲ್ಸಿನ ಮೇಲೆ ಹುಡುಕಿದಳು. ಗಂಟು ಬೆರಳಿಗೆ ಸಿಕ್ಕಿತು. ಶ್ವೇತಾ ಅಲ್ಲಿ ಬಣ್ಣವನ್ನು ಸ್ವಲ್ಪ ದಪ್ಪಗೆ ಹಚ್ಚಿದ್ದರಿಂದ ಅದು ಮುಟ್ಟಿದರೆ ತಿಳಿಯುವಷ್ಟು ಉಬ್ಬಿತ್ತು.

ಬಹಳ ಹೊತ್ತು ಆ ಬೆರಳು ಅಲ್ಲಿಂದ ಕದಲಲಿಲ್ಲ.

ಬೋರಣ್ಣ ಎಂದಿನ ಸ್ಟೂಲಿನ ಮೇಲಿದ್ದ. "ಈಗ ಸರಿ ಹೋಯ್ತಾ ನಿಮ್ಮ ಗಿಡ?" ಎಂದ, ಈ ಸಲ ಮೆತ್ತಗೆ.

"ಹಾಂ ಅಜ್ಜಾರ." ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು ಎದ್ದಳು. "ಇದಕ್ಕ ಬೇಕಾದ್ರ ಜೋಕಾಲಿ ಕಟ್ರಿ. ನೀವ ಕುಂತ್ರೂ ಮುರಿಯಂಗಿಲ್ಲ." ಆಮೇಲೆ ರಾಮಪ್ರಸಾದನಿಗೆ, "ಮಗಳ ಮನ್ಯಾಗ ಇದನ್ನ ಕೆಳಗ ಬಡಿಬೇಕ್ರಿ. ಕುಂತು ತಲಿ ಹಿಕ್ಕೊಳ್ಳುವಂಗ. ನಿಂತ್ರ ಇದು ತಿಳಿಯಂಗಿಲ್ಲ" ಎಂದಳು.

ಆಟೋ ಹೋದ ಮೇಲೆ ಲತಾಮಣಿ ಸ್ಯಾಂಪಲ್ ಟೈಲ್ಸಿನ ಪೆಟ್ಟಿಗೆಯನ್ನು ಕಾಲಿನಿಂದ ಮೂಲೆಗೆ ತಳ್ಳಿದಳು. "ಟೇಬಲ್ ನಿಂದು," ಎಂದಳು. ಶ್ವೇತಾಳ ಮುಖ ಅರಳುವಷ್ಟರಲ್ಲೇ ಮುಂದುವರಿಸಿದಳು: "ಆದ್ರೆ ಒಂದು. ಚಿತ್ರದ ವಿಷ್ಯ ಇನ್ಮೇಲೆ ನಾನು ಮಾತಾಡಲ್ಲ. ನಾನು ಬರೀ ಗಿಡ, ಹೊಳೆ ಅಂತ ಬರ್ಕೋತೀನಿ. ನೀನೇ ಮಾತಾಡ್ಬೇಕು."

"ಫೋನಲ್ಲಾ?"

"ಇನ್ನೇನು, ಕಾಗೆ ಕೈಲಿ ಹೇಳಿ ಕಳಿಸ್ತಾರಾ?"

ಶ್ವೇತಾ ಕಿಟಕಿಯ ಪಕ್ಕ ಹೋಗಿ ಕೂತಳು. ಮಾತೇ ಬೇಡದ ಜಾಗ ಎಂದುಕೊಂಡಿದ್ದಳು ಅದನ್ನು. ಸಿಕ್ಕಿತು, ಆದರೆ ಸಿಕ್ಕಿದ್ದು ಬೇರೆಯೇ. ಬೇಡ ಎಂದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಉಪ್ಪುಕಾಗದವೇನೂ ಯಾರನ್ನೂ ಹೆದರಿಸುವುದಿಲ್ಲ.

ಆ ವಾರದ ಕೊನೆಗೆ ಲತಾಮಣಿ ಫೋನು ತಂದು ಮೇಜಿನ ಮೇಲಿಟ್ಟು, "ಜೆಪಿ ನಗರದವ್ರು. ಬಾವಿ ಬರೀಬೇಕಂತೆ" ಎಂದು ಹೇಳಿ ಬೇಕೆಂದೇ ಹೊರಗೆ ಹೋದಳು.

"ಹಲೋ?" ವಯಸ್ಸಾದ ಗಂಡಸಿನ ದನಿ. "ನಮ್ಮ ಹಳೇ ಮನೇಲಿ ಒಂದು ಬಾವಿ ಇತ್ತು. ಸಾಧಾರಣ ಬಾವಿ. ಅದನ್ನ ಬರೀಬೇಕಿತ್ತು. ಹಲೋ? ಇದೀರಾ?"

ಶ್ವೇತಾ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇದೀನಿ ಸಾರ್," ಎಂದಳು. "ಬಾವಿ ಹತ್ರ ನೀವು ಎಲ್ಲಿ ನಿಂತ್ಕೋತಿದ್ರಿ?"

ಆ ಮನುಷ್ಯ ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ನಿಂತ್ಕೋತಿರ್ಲಿಲ್ಲಮ್ಮ," ಎಂದ. "ಮಲಕ್ಕೊಂಡು ಬಗ್ಗಿ ನೋಡ್ತಿದ್ದೆ. ಅಮ್ಮ ಬಯ್ಯೋರು. ಅದು ಏನಾಗಿತ್ತು ಅಂದ್ರೆ..."

ಶ್ವೇತಾ ಪೆನ್ಸಿಲ್ಲು ಎತ್ತಿಕೊಂಡಳು.